ಹೊಸ್ತಿಲಿಗೆ ಕಿವಿ ಮೂಡಿದಾಗ

ನಮ್ಮ ಜನ ‘ಬರ್ತೀವಿ’ ಎಂದು ಎದ್ದು ನಿಂತ ಮೇಲೆ ನಿಜವಾಗಿ ಹೊರಡಲು ತೆಗೆದುಕೊಳ್ಳುವ ಕಾಲವನ್ನು ನೀವೂ ಗಮನಿಸಿರಬಹುದು. ಸೋಫಾದ ಮೇಲೆ ಕುಳಿತು ಆಡಿದ್ದೆಲ್ಲ ಬರಿಯ ಪೀಠಿಕೆ; ಕುಂಕುಮ ಹಚ್ಚಿಸಿಕೊಂಡು, ಚಪ್ಪಲಿ ಮೆಟ್ಟಿ, ಹೊಸ್ತಿಲಾಚೆ ನಿಂತ ಮೇಲೆಯೇ ಹೆಂಗಸರ ಅಸಲು ಮಾತು ಆರಂಭ. ನಾವಿರುವ ಲಂಡನ್ನಿನ ಹ್ಯಾರೋದ ಚಳಿಗೂ ಈ ಸಂಪ್ರದಾಯವನ್ನು ಅಲುಗಿಸಲು ಆಗಿಲ್ಲ.

ಕಳೆದ ವರ್ಷ ಆ ಹೊಸ್ತಿಲಿಗೆ ನಾನು ಕ್ಯಾಮೆರಾ ಇರುವ ಕರೆಗಂಟೆ ಹಾಕಿಸಿದೆ. ಪಾರ್ಸೆಲ್ ಕಳ್ಳರ ಭಯವೆಂಬುದು ನೆಪ. ಹೊಸ ಯಂತ್ರ ಕಂಡರೆ ಬಾಯಿ ಬಿಡುವ ನನ್ನ ಸ್ವಭಾವವೇ ಕಾರಣ. ಬಾಗಿಲಲ್ಲಿ ಯಾರು ನಿಂತರೂ ಸ್ಟ್ರಾಟ್‌ಫರ್ಡಿನ ಆಫೀಸಿನಲ್ಲಿದ್ದ ನನ್ನ ಫೋನಿಗೆ ಅವರ ಚಿತ್ರವೂ ಮಾತೂ ಬಂದು ಬೀಳುತ್ತಿದ್ದವು. ಟ್ಯೂಬ್ ರೈಲಿನಲ್ಲಿ ಮನೆಗೆ ಮರಳುವಾಗ ಅವನ್ನು ನೋಡುವುದು ನನ್ನ ನಿತ್ಯಪಾರಾಯಣವಾಯಿತು. ಮನೆಯಿಂದಲೇ ಕೆಲಸ ಮಾಡುತ್ತ ದಿನಕ್ಕೆ ಹತ್ತು ಸಲ ಆ ಬಾಗಿಲು ತೆರೆಯುವವಳು ನನ್ನ ಹೆಂಡತಿ ಸುಮತಿ. ಗಂಟೆಯ ಆಪ್ ಇದ್ದದ್ದು ಮಾತ್ರ ನನ್ನೊಬ್ಬನ ಬಳಿ. ಇದರಲ್ಲೇನಾದರೂ ವೈಚಿತ್ರ್ಯವಿದೆಯೆಂದು ಈ ಬುದ್ಧಿವಂತನಿಗೆ ಹೊಳೆಯಲೇ ಇಲ್ಲ.

ವರಮಹಾಲಕ್ಷ್ಮಿ ಹಬ್ಬದ ದಿನ ಅರಿಶಿನ ಕುಂಕುಮಕ್ಕೆ ಬಂದ ಸುಮತಿಯ ಗೆಳತಿ ವಿನುತಾ, ಹೊರಡುವಾಗ ಹೊಸ್ತಿಲಲ್ಲಿ ನಿಂತು, ಗುರುವಾರ ತನಗೊಂದು ಇಂಟರ್‌ವ್ಯೂ ಇದೆಯೆಂದಳು. ಫೋನಿನಲ್ಲಿ ಅಷ್ಟು ಕೇಳುವಷ್ಟರಲ್ಲಿ ನನ್ನ ಟ್ಯೂಬು ಸುರಂಗ ಹೊಕ್ಕು ಸಂಪರ್ಕ ಕಡಿಯಿತು. ಕೆಲಸ ಸಿಕ್ಕ ಮೇಲಷ್ಟೇ ಗಂಡನಿಗೆ ತಿಳಿಸುವೆನೆಂದು ಅವಳು ಮುಂದೆ ಹೇಳಿದ್ದು ನನಗೆ ಕೇಳಿಸಲಿಲ್ಲ. ಭಾನುವಾರ ದೇವಸ್ಥಾನದಲ್ಲಿ ಸಿಕ್ಕ ಆ ಗಂಡನ ಕೈ ಕುಲುಕಿ, ಹೆಂಡತಿಯ ಇಂಟರ್‌ವ್ಯೂಗೆಂದು ಧಾರಾಳವಾಗಿ ಅಭಿನಂದಿಸಿಬಿಟ್ಟೆ.

ಗುರುವಾರ ಅವನು ರಜೆ ಹಾಕಿ, ಹೆಂಡತಿಯನ್ನೂ ಮಗುವನ್ನೂ ಕಾರಿನಲ್ಲಿ ಕೂರಿಸಿಕೊಂಡು ಸ್ಟ್ಯಾನ್ಮೋರಿನ ಅಕ್ಕನ ಮನೆಗೆ ಹೋದನಂತೆ. ಜಗಳವಿಲ್ಲ, ಗದರಿಕೆಯಿಲ್ಲ, ನಗುನಗುತ್ತಲೇ. ಇಂಟರ್‌ವ್ಯೂ ಕೈತಪ್ಪಿತು.

“ಅವ್ಳು ಹೇಳಿದ್ದು ನಂಗೆ ರೀ,” ಎಂದಳು ಸುಮತಿ. “ನಿಮ್ ಫೋನಿಗಲ್ಲ.”

ನನಗೆ ನಾಚಿಕೆಯಾಯಿತು. ನಾಚಿಕೆಯ ಬೆನ್ನಿಗೇ, ಹಾಳು ಸ್ವಭಾವ, ಕುತೂಹಲವೂ ಹುಟ್ಟಿತು. ಗಂಟೆ ಮಾಡಿದವರು ಹೊರಗಿನ ಕಳ್ಳನನ್ನು ಎಷ್ಟು ಸೂಕ್ಷ್ಮವಾಗಿ ಊಹಿಸಿದ್ದರು. ಒಳಗಿನ ಗಂಡನನ್ನು ಏಕೆ ಊಹಿಸಲಿಲ್ಲ? ಇಂಥ ಯಂತ್ರಗಳಿಗೆ ನಿಯಮ ಬರೆಯುವ ಮೇಜಿನ ಸುತ್ತ ಬಾಗಿಲು ತೆರೆಯುವವರು ಒಬ್ಬರಾದರೂ ಕೂತಿರುತ್ತಾರೆಯೇ ಎಂದು ಸುಮತಿಯನ್ನು ಕೇಳಿದೆ. ನಮ್ಮ ಊಟದ ಮೇಜಿನ ಸುತ್ತಲೇ ಯಾರೂ ತನ್ನನ್ನು ಕೇಳಿರಲಿಲ್ಲವಲ್ಲ ಎಂದು ಅವಳು ತಣ್ಣಗೆ ಜ್ಞಾಪಿಸಿದಳು. ಮರುದಿನವೇ ಸ್ಕ್ರೂಡ್ರೈವರ್ ಹುಡುಕಿ, ಬೆರಳಿಗೊಂದು ಗಾಯ ಮಾಡಿಕೊಂಡು, ಗಂಟೆ ಕಿತ್ತೆ.

ನವರಾತ್ರಿಗೆ ವಿನುತಾ ಮತ್ತೆ ಬಂದಳು. ನಾನು ಕ್ಷಮೆ ಕೇಳಿದೆ. ಪರವಾಗಿಲ್ಲ ಅಣ್ಣ ಎಂದಳು. ಕುಂಕುಮ ಹಚ್ಚಿಸಿಕೊಂಡು ಎದ್ದಾಗ, ಗಂಟೆ ತೆಗೆಸಿದ್ದಾಗಿದೆ ಎಂದು ಸುಮತಿ ಮೆಲ್ಲಗೆ ಹೇಳಿದಳು. ವಿನುತಾ ಚಪ್ಪಲಿ ಮೆಟ್ಟಿ, ಗೋಡೆಯಲ್ಲುಳಿದ ಎರಡು ತೂತುಗಳನ್ನು ಒಮ್ಮೆ ನೋಡಿ, ‘ಬರ್ತೀನಿ’ ಎಂದಳು. ಎಂದವಳು, ನಿಜವಾಗಿಯೂ ಹೊರಟುಹೋದಳು.