ಸೋನಿಬಾಯಿಯ ಎಬ್ಬೆಟ್ಟು

ಬನ್ರಮ್ಮ, ಕಾಲು ಚಾಚ್ಕಂಡು ಕುಂತ್ಕಳಿ, ನಾನು ಹಿಂದೂಪುರದಿಂದ ಅಡಿಗೆ ಕೆಲಸಕ್ಕೆ ಹೋಗಿದ್ದಾಗಿಂದು ಹೇಳ್ತೀನಿ. ಕಲ್ಯಾಣದುರ್ಗದಿಂದಾಚೆ, ಸೆಟ್ಟೂರಿನ ಕಡೆ ಒಂದು ಸುಗಾಲಿ ತಾಂಡ, ಅದೇ ಲಂಬಾಣಿಗಳ ಹಟ್ಟಿ. ಅಲ್ಲಿಗಿನ್ನೂ ಕರೆಂಟೇ ಬಂದಿರ್ಲಿಲ್ಲ. ಆ ತಾಂಡದ ಹೊಲದಾಗೆ ಬಿಸಿಲಿಂದ ಕರೆಂಟು ತೆಗೆಯೋ ದೊಡ್ಡ ಕಾರ್ಖಾನೆ ಕಟ್ತೀವಿ ಅಂತ ಸರ್ವೇಯವರು ಬಂದಿದ್ರು. ಅವರಿಗೆ ಮುದ್ದೆ ತಿರುವಿ ಹಾಕೋದು ನನ್ನ ಕೆಲಸ.

ಒಂದಿನ ಸರ್ವೇ ಸಾಹೇಬ್ರು ಹೊಲದ ಒಡತಿ ಸೋನಿಬಾಯಿನ ಕೂರಿಸ್ಕಂಡು, ಹೊಲ ಬರೆಸ್ಕಳೋ ಕಾಗದ ಓದಿದ್ರು. "ಇದು ಬಂಜರು ಭೂಮಿ. ಸರೇನಮ್ಮಾ?"

"ಅವುನು ಸಾರ್, ಬಂಜಾರ ಭೂಮಿನೇ! ನಮ್ಮ ತಾತನ ಕಾಲದಿಂದ," ಅಂತ ಅವಳು ಎಬ್ಬೆಟ್ಟು ಮುಂದೆ ಮಾಡಿದ್ಲು.

ಸುಗಾಲಿಗಳು ತಮ್ಮನ್ನ ತಾವು ಬಂಜಾರ ಅಂತಾರೆ ಕಣಮ್ಮ. ಸಾಹೇಬ್ರು ಹೇಳಿದ್ದು ಏನೂ ಬೆಳೀದ ಬೀಳು ಅಂತ, ಇವಳಿಗೆ ಕೇಳಿಸಿದ್ದು ನಮ್ಮೋರ ಭೂಮಿ ಅಂತ. ಬೀಳು ಅಂತ ಒಪ್ಕಂಡ್ರೆ ಹೊಲ ಬಿಡಿಗಾಸಿಗೆ ಹೋಯ್ತದೆ. ಇಬ್ರೂ ನಗ್ತಾ ತಲೆ ಆಡಿಸ್ತಾವ್ರೆ!

ನಾನು ಹಿಟ್ಟಿನ ಕೈಯಾಗೇ ಓಡಿಹೋಗಿ ಅವಳ ಬೆರಳು ಹಿಡ್ಕಂಡೆ. "ಏ ಸೋನಿ, ಇಲ್ಲಿ ಏನೂ ಬೆಳೆಯಲ್ಲ ಅಂತ ಬರೆದವ್ರೆ ಕಣೇ!"

"ಬೆಳೆಯಲ್ವಾ? ಮತ್ತೆ ಬೆಳಗ್ಗೆ ನೀವು ಉಂಡ ಹುರುಳಿ ಸಾರು ಎಲ್ಲಿಂದ ಬಂತು ಸಾರ್?" ಅಂದ್ಬುಟ್ಲು ಅವಳು.

ಸಾಹೇಬ್ರು ಎಬ್ಬೆಟ್ಟು ಒತ್ತಿಸ್ದೆ ಕಾಗದ ಮಡಚಿದ್ರು. ಆಮೇಲೆ ನನ್ ಕಡೆ ತಿರುಗಿ, "ಅಡಿಗೆಯವ್ಳಿಗೆ ಇದೆಲ್ಲಾ ಯಾಕೆ?" ಅಂದ್ರು.

ಸ್ವಲ್ಪ ದಿನಕ್ಕೆ ಸಾಹೇಬ್ರಿಗೆ ಬೇರೆ ಊರಿಗೆ ವರ್ಗವಾಯ್ತು, ಕಾರ್ಖಾನೆ ಬರ್ಲೇ ಇಲ್ಲ. ಸೋನಿಬಾಯಿ ಸಾಯೋತನಕ ಅಲ್ಲೇ ಹುರುಳಿ ಬಿತ್ತಿದ್ಲು. ನನ್ನನ್ನ ಮಾತ್ರ ಆ ಕಾಗದ ಓದಿದ ಮಾರನೇ ದಿನವೇ ಕೆಲಸ ಬಿಡಿಸಿ ಹಿಂದೂಪುರದ ಬಸ್ಸು ಹತ್ತಿಸಿದ್ರು. ನಾನೂ ಎಬ್ಬೆಟ್ಟೇ ಕಣಮ್ಮ, ಆದ್ರೆ ಈಗ್ಲೂ ಯಾರಾದ್ರೂ ಕಾಗದ ಹಿಡ್ಕಂಡು ಬಂದ್ರೆ ಎರಡು ಸಲ ಓದಿಸ್ತೀನಿ.