ಹೆಪ್ಪಿನ ಡಬ್ಬದ ಮೇಲೆ ಕುಳಿತವಳು

ಹನ್ನೊಂದು ತಿಂಗಳಿಂದ ಅವಳಿಗೆ ಟ್ಯಾಂಕ್ ಆಪರೇಟರ್ ಸಂಬಳ ಬರಬೇಕು. ಬರುತ್ತಿರುವುದು ಕಸ ಗುಡಿಸುವವಳ ಸಂಬಳ. ಹಾಜರಿ ಪುಸ್ತಕದ ಪ್ರಕಾರ ಅವಳ ಕೈಯಲ್ಲಿರುವುದು ಪೊರಕೆ. ನಿಜದಲ್ಲಿ ಆ ಪೊರಕೆ ಮೂಲೆ ಹಿಡಿದು ಜೇಡಕ್ಕೆ ಮನೆಯಾಗಿದೆ.

ಕಾರ್ಖಾನೆಯ ಕೆಲಸ ಇಷ್ಟೆ. ಗೋಧಿ ಕೊಯ್ದ ಮೇಲೆ ಉಳಿದ ಹುಲ್ಲನ್ನು ಬೇಯಿಸಿ, ಆರಿಸಿ, ಅದಕ್ಕೆ ಕಿಣ್ವ ಹಾಕುತ್ತಾರೆ. ಕಿಣ್ವ ನಾರನ್ನು ಕಡಿದು ಕಡಿದು ಸಕ್ಕರೆ ಮಾಡುತ್ತದೆ. ಆ ಸಕ್ಕರೆಯಿಂದ ಗಾಡಿಗಳಿಗೆ ಇಂಧನ. ಎಂಜಿನಿಯರುಗಳ ಬಾಯಲ್ಲಿ ಕಿಣ್ವಕ್ಕೆ ಮಾರುದ್ದದ ಹೆಸರು. ಕೆಲಸಗಾರರಿಗೆ ಅದು ಬರೀ ಹೆಪ್ಪು. ಗುಣವೂ ಹೆಪ್ಪಿನದೇ. ಬಿಸಿ ಮೀರಿದರೆ ಸತ್ತುಹೋಗುತ್ತದೆ, ಹುಲ್ಲು ಹುಲ್ಲಾಗಿಯೇ ಕೂತಿರುತ್ತದೆ. ಐವತ್ತು ಡಿಗ್ರಿ ಇರಬೇಕು.

ಆ ಐವತ್ತನ್ನು ಅವಳು ಮೊಣಕೈಯಲ್ಲಿ ಅಳೆಯುತ್ತಾಳೆ. ಟ್ಯಾಂಕಿನ ನಲ್ಲಿಯಿಂದ ಸ್ಟೀಲ್ ಮಗ್ಗಿಗೆ ರಸ ಹಿಡಿದು, ಮಗ್ಗಿನ ಹೊರಮೈಗೆ ಮೊಣಕೈ ಒತ್ತಿ ಎಣಿಸುತ್ತಾಳೆ. ಐದರವರೆಗೆ ತಡೆದರೆ ಹೆಪ್ಪು ಹಾಕಬಹುದು. ಎರಡಕ್ಕೇ 'ಅಯ್ಯೋ' ಎಂದರೆ ಕಾಯಬೇಕು. ಮೀಟರು ಇಲ್ಲವೆಂದಲ್ಲ, ಅದರ ಕಡ್ಡಿಗೆ ಹುಲ್ಲಿನ ಲೋಳೆ ಮೆತ್ತಿಕೊಂಡರೆ ಬಾಯಿಗೆ ಬಂದದ್ದು ಹೇಳುತ್ತದೆ. ಹಾಗಾಗಿ ಎಲ್ಲ ಪಾಳಿಯವರೂ ಮೊದಲು ಕೇಳುವುದು, "ಮೊಣಕೈಯಕ್ಕ ಏನಂದ್ಲು?"

ವಿದ್ಯೆ ಅತ್ತೆಯದು. ಕೂಸಿನ ಸ್ನಾನಕ್ಕೆ ನೀರು ಹದ ಮಾಡುವುದನ್ನು ಸೊಸೆಗೆ ಕಲಿಸಿದ್ದು ಆಕೆಯೇ.

"ನನ್ನ ವಿದ್ಯೇನ ಕಾರ್ಖಾನೇಲಿ ಪುಕ್ಕಟೆ ಹಂಚ್ತಾ ಇದೀಯ. ನನ್ನ ಪಾಲೆಲ್ಲೇ?"

"ನನ್ನ ಪಾಲೇ ಬಂದಿಲ್ಲ ಅತ್ತೆ, ನಿಮ್ಮದೆಲ್ಲಿಂದ ತರ್ಲಿ?"

ಹೋದ ವಾರ ಹೊಸ ಎಂಜಿನಿಯರ್ ಬಂದ. ಅವನ ಗಡ್ಡ ಇನ್ನೂ ಬರಲೋ ಬೇಡವೋ ಎಂದು ಯೋಚಿಸುತ್ತಿತ್ತು. ಮೀಟರು ಐವತ್ತು ತೋರಿಸಿದ್ದೇ ತಡ, "ಸುರೀರಿ" ಎಂದ.

ಅವಳು ಮಗ್ಗಿಗೆ ಮೊಣಕೈ ಒತ್ತಿದಳು. ಒಂದಕ್ಕೇ ಕಿತ್ತುಕೊಂಡಳು. "ಬೇಡ ಸಾರ್, ಸುಡ್ತಾ ಇದೆ."

"ಅಕ್ಕಾ, ಮೀಟರ್ ಸುಳ್ಳು ಹೇಳಲ್ಲ."

"ಅದರ ಮೈಯೆಲ್ಲ ಲೋಳೆ ಸಾರ್. ಕಂಬಳಿ ಹೊದ್ದು ಮಲಗಿರೋನ ಹತ್ರ ಚಳಿ ಎಷ್ಟಪ್ಪಾ ಅಂತ ಕೇಳಿದ ಹಾಗಾಯ್ತು."

"ಮೊಣಕೈ ನಂಬಿ ಕಾರ್ಖಾನೆ ನಡೆಸೋಕಾಗುತ್ತಾ?"

"ಇಷ್ಟು ದಿನ ಇನ್ಯಾವುದನ್ನ ನಂಬಿ ನಡೀತು ಅಂದ್ಕೊಂಡ್ರಿ?"

ಅವನು ಹೆಪ್ಪಿನ ಡಬ್ಬಕ್ಕೆ ಕೈ ಹಾಕಿದ. ಅವಳು ಅದರ ಮುಚ್ಚಳದ ಮೇಲೆ ಕುಳಿತೇಬಿಟ್ಟಳು. ಇಪ್ಪತ್ತು ಲೀಟರಿನ ಡಬ್ಬ, ಎಪ್ಪತ್ತೆಂಟು ಕಿಲೋದ ಹೆಂಗಸು.

"ಏಳಿ ಅಕ್ಕಾ."

"ಎಬ್ಬಿಸಿ ನೋಡೋಣ."

ಅವನು ಸಹಾಯಕ್ಕೆ ಸುತ್ತ ನೋಡಿದ. ಅಲ್ಲಿದ್ದ ಎಲ್ಲರಿಗೂ ಒಮ್ಮೆಗೇ ನೆಲದಲ್ಲಿ ಏನೋ ಕಳೆದುಹೋಗಿತ್ತು; ತಲೆ ಬಗ್ಗಿಸಿ ಹುಡುಕುತ್ತಿದ್ದರು. ಕೊನೆಗೆ ಲ್ಯಾಬಿನಿಂದ ಬೇರೆ ಥರ್ಮಾಮೀಟರ್ ತರಿಸಿ ಅದ್ದಿದ. ಎಪ್ಪತ್ತೊಂದು.

"ತಪ್ಪಾಯ್ತು ಅಕ್ಕಾ" ಎಂದ. ಇದ್ದದ್ದು ಹೇಳಬೇಕು, ಒಳ್ಳೆಯ ಹುಡುಗ. ನಡೆದದ್ದನ್ನು ನಡೆದ ಹಾಗೆಯೇ ವರದಿ ಬರೆದು ಮೇಲಕ್ಕೆ ಕಳಿಸಿದ. ಕುತ್ತು ಬಂದದ್ದು ಅಲ್ಲೇ. ಟ್ಯಾಂಕು ಉಳಿಯಿತು ಎನ್ನುವುದು ಯಾರ ಕಣ್ಣಿಗೂ ಬೀಳಲಿಲ್ಲ. ಗುಡಿಸುವವಳಿಗೆ ಟ್ಯಾಂಕಿನ ಹತ್ತಿರ ಏನು ಕೆಲಸ ಎನ್ನುವುದು ಬಿತ್ತು.

ಮ್ಯಾನೇಜರ್ ಕರೆಸಿ ಒಂದು ಕಾಗದ ಮುಂದಿಟ್ಟ. "'ಸುಸ್ತಾಗಿ ಡಬ್ಬದ ಮೇಲೆ ಕೂತೆ, ಟ್ಯಾಂಕಿನ ಕೆಲಸ ನಂದಲ್ಲ' ಅಂತ ಇದೆ. ಸಹಿ ಹಾಕಮ್ಮ, ಇಲ್ಲಿಗೇ ಬಿಟ್ಬಿಡೋಣ."

ಹಾಕಿದರೆ ಪೊರಕೆ ಉಳಿಯುತ್ತದೆ, ಬಾಕಿ ಸಂಬಳ ಮಣ್ಣುಪಾಲು. ಹಾಕದಿದ್ದರೆ ಪೊರಕೆಯೂ ಇಲ್ಲ.

"ಸುಸ್ತಾದ್ರೆ ಕೂರೋಕೆ ಕುರ್ಚಿ ಎಲ್ಲಿ ಇಟ್ಟಿದೀರಿ ಸಾರ್?" ಎಂದು ಎದ್ದು ಬಂದಳು.

"ಸಹಿ ಹಾಕಿ ಬಂದಿದ್ರೆ ಇವತ್ತು ನಿನ್ನ ಸ್ನಾನದ ನೀರು ನಾನೇ ಹದ ಮಾಡ್ತಿದ್ದೆ ನೋಡು, ಎಪ್ಪತ್ತೊಂದಕ್ಕೆ" ಎಂದರು ಅತ್ತೆ.

ಸೋಮವಾರ ಹತ್ತಕ್ಕೆ ವಿಚಾರಣೆ. ಮೇಜಿನ ಆಚೆ ಐದು ಜನ, ಈಚೆ ಅವಳೊಬ್ಬಳು. ಟ್ಯಾಂಕಿನ ಬಳಿ ದುಡಿಯುವ ಹದಿನಾಲ್ಕು ಜನ 'ಆ ಕೆಲಸ ಅವಳದೇ' ಎಂದು ಬರೆದುಕೊಟ್ಟರೆ ಯಾರೂ ಅಲ್ಲಗಳೆಯಲಾರರು. ಇದುವರೆಗೆ ಬಿದ್ದಿರುವುದು ಮೂರು ಸಹಿ. ಒಂದು ಆ ಹೊಸ ಎಂಜಿನಿಯರನದು. ಇದನ್ನು ಓದುತ್ತಿರುವ ನೀವು ಉಳಿದ ಹನ್ನೊಂದರಲ್ಲಿ ಒಬ್ಬರಾದರೆ, ಪೆನ್ನು ತೆಗೆಯಿರಿ. ಅಲ್ಲವಾದರೆ ಸೋಮವಾರ ಗೇಟಿನ ಮುಂದೆ ಬಂದು ನಿಲ್ಲಿ. ಮನೆಯಲ್ಲಿ ಕೂತು 'ಪಾಪ' ಅನ್ನಬೇಡಿ. ಬನ್ನಿ.