ಹಳದಿ ನೂಲಿಗೆ ಬಂದ ಮೈನಸ್ ಅಂಕಿ

ಏನಾದರೂ ತಿಳಿಯದಿದ್ದರೆ ಹರಿಪ್ರಿಯಾಗೆ ಅನ್ನ ಇಳಿಯುವುದಿಲ್ಲ. ಜಮಖಂಡಿಯ ಪುರೋಹಿತರ ಮಗಳು, ಕಂಪ್ಯೂಟರಿನ ಜಾವಾ ಭಾಷೆ ಕಲಿತವಳು. ಬನಹಟ್ಟಿಯಲ್ಲಿ ಸೀರೆ ನೇಯಿಸುವ ಪರಮಾನಂದರಿಗೆ ನೂಲಿನ ಬಣ್ಣ ತಪಾಸಣೆ ಮಾಡುವ ಪ್ರೋಗ್ರಾಮ್ ಬರೆದುಕೊಟ್ಟಿದ್ದಳು. ಕ್ಯಾಮೆರಾದ ಕೆಳಗೆ ನೂಲಿನ ಲಡಿ ಇಟ್ಟರೆ, ಬಣ್ಣ ಎಷ್ಟು ತಿಳಿಯಾಗಿದೆಯೆಂದು ಅಚ್ಚ ಕರಿಯ ಸೊನ್ನೆಯಿಂದ ಅಚ್ಚ ಬಿಳಿಯ ಇನ್ನೂರೈವತ್ತೈದರೊಳಗೆ ಒಂದು ಅಂಕಿ ಬರಬೇಕು. ಬಣ್ಣದ ಪಟ್ಟಿಯಲ್ಲಿ ಅಚ್ಚಾದ ಮಾದರಿಯ ಅಂಕಿಗೆ ಹೊಂದಿದರೆ ಪಾಸು, ಇಲ್ಲದಿದ್ದರೆ ವಾಪಸು; ಪರದೆಯ ಮೇಲೆ ಕಾಣುತ್ತಿದ್ದುದು ಅಷ್ಟೇ.

ಹರಿಪ್ರಿಯಾಳ ಮನೆಯಲ್ಲಿ ಹೊಸದೇನೇ ಶುರುವಾದರೂ ಅಜ್ಜಿಯ ಕರಿ ಚಂದ್ರಕಾಳಿ ಸೀರೆ ಮುಟ್ಟಿಯೇ ಶುರುವಾಗಬೇಕು. ಪ್ರೋಗ್ರಾಮಿನ ಮೊದಲ ಪರೀಕ್ಷೆಗೂ ಅದನ್ನೇ ಇಟ್ಟಳು. ಪಾಸಾಯಿತು. ಅಷ್ಟಕ್ಕೇ ಸಮಾಧಾನಪಟ್ಟುಕೊಂಡಳು, ಹುಚ್ಚಿ!

ಮಾಳಿಂಗರಾಯ ನಲವತ್ತು ವರ್ಷದಿಂದ ಪರಮಾನಂದರ ನೂಲಿಗೆ ಬಣ್ಣ ಹಾಕುವವನು. ಅಳತೆ ಗಿಳತೆ ಇಲ್ಲ, ಬರೀ ಕಣ್ಣಂದಾಜು. ಅವನ ಹಳದಿ ನೂಲು ಮೂರು ವಾರ ವಾಪಸಾಯಿತು. 'ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು' ಅನ್ನುತ್ತಾರೆ. ಪರಮಾನಂದರು ಲಡಿಯನ್ನು ಬಿಸಿಲಿಗೆ ಹಿಡಿದೂ ನೋಡಲಿಲ್ಲ. ಸೋಮವಾರದಿಂದ ಬೇರೆಯವರ ಕಡೆ ಬಣ್ಣ ಹಾಕಿಸುತ್ತೇನೆ ಎಂದುಬಿಟ್ಟರು.

ಶನಿವಾರ ಮಾಳಿಂಗರಾಯ ಹರಿಪ್ರಿಯಾಳ ಹತ್ತಿರ ಬಂದ.

"ತಂಗೀ, ನನ್ನ ಕರಿ ನೂಲು ಪಾಸ್ ಆಗತೈತಿ, ಹಳದಿ ಆಗವಲ್ದು. ಎರಡೂ ಇದ ಕೈಲೆ ಹಾಕೇನಿ. ಯಾಕ?"

ಆ 'ಯಾಕ' ಅವಳ ತಲೆಯೊಳಗೆ ಹೊಕ್ಕಿತು. "ಕಾಕಾ, ಕರಿಯಿಂದ ಬಿಳಿ ತನಕಾ ಒಂದೊಂದ ಲಡಿ ತರ್ರಿ, ನೋಡೇ ಬಿಡೋಣು," ಎಂದಳು.

ಪರದೆಯ ಮೇಲೆ ಅಂಕಿಯೂ ಕಾಣುವಂತೆ ಮಾಡಿ, ಲಡಿಗಳನ್ನು ಒಂದಾದ ಮೇಲೊಂದು ಕ್ಯಾಮೆರಾದ ಕೆಳಗೆ ಇಟ್ಟರು. ಬಣ್ಣ ತಿಳಿಯಾದಂತೆ ಅಂಕಿ ಏರುತ್ತ ಹೋಯಿತು: ನೂರಾಹತ್ತು, ನೂರಾಹತ್ತೊಂಬತ್ತು, ನೂರಿಪ್ಪತ್ತಾರು. ಮುಂದಿನ ಲಡಿಗೆ ಮೈನಸ್ ನೂರಿಪ್ಪತ್ತೊಂದು! ಹಳದಿಗೆ ಇನ್ನೂರು ಬರಬೇಕಿದ್ದಲ್ಲಿ ಮೈನಸ್ ಐವತ್ತಾರು.

ಹರಿಪ್ರಿಯಾ ಹಣೆ ಬಡಿದುಕೊಂಡಳು. ಜಾವಾದಲ್ಲಿ ಅಂಕಿ ಇಡುವ ಸಣ್ಣ ಖಾನೆಯಾದ ಬೈಟ್, ನೂರಿಪ್ಪತ್ತೇಳು ದಾಟಿದ್ದನ್ನು ಮೈನಸ್ ಎಂದೇ ಓದುತ್ತದೆ. ಅದಕ್ಕೆ ಇನ್ನೂರೈವತ್ತಾರು ಕೂಡಿಸಿಕೊಂಡರೆ ಖರೆ ಅಂಕಿ ಸಿಗುತ್ತದೆ. ಕಾಲೇಜಿನಲ್ಲಿ ಓದಿದ್ದೇ. ಆದರೆ ಕರಿ ಸೀರೆಯ ಅಂಕಿ ಅಷ್ಟು ಎತ್ತರಕ್ಕೆ ಹೋಗಿರಲೇ ಇಲ್ಲ. ಒಂದು ಸಾಲು ತಿದ್ದಿ ಅದೇ ಹಳದಿ ಲಡಿ ಇಟ್ಟಳು. ಇನ್ನೂರು. ಪಾಸು.

ಅಲ್ಲೇ ಪರಮಾನಂದರಿಗೆ ಫೋನ್ ಹಚ್ಚಿದಳು. "ತಪ್ಪು ನಂದರೀ. ಕಾಕಾರ ಬಣ್ಣ ಬರೋಬ್ಬರಿ ಐತಿ. ಕೆಲಸ ಅವರಿಗೇ ಕೊಡ್ರಿ."

ಕೊಡುತ್ತೇನೆ ಎಂದರು. ಮಾಳಿಂಗರಾಯ ಮಾತ್ರ ಕುಂತಲ್ಲಿಂದ ಏಳಲಿಲ್ಲ.

"ಹಂಗಾರ ನನ್ನ ಕಣ್ಣು ಛಲೋ ಅದಾವನು?"

"ಛಲೋ ಅದಾವ ಕಾಕಾ."

"ಮೂರು ವಾರ ಆತು ತಂಗೀ, ನೀ ಉಟ್ಟ ಸೀರಿ ಯಾವ ಬಣ್ಣದ್ದಂತ ಹೆಂಡತೀನ್ನ ಕೇಳಾಕತ್ತೇನಿ."